ಕೆಲಸ ಸಿಕ್ಕಿತು, ಮುಂದೇನು?

ಮನೆಯ ಮಗನಿಗೋ ಮಗಳಿಗೋ ಕೆಲಸ ಸಿಕ್ಕಿತೆಂಬ ಸುದ್ದಿ ಬಂದಾಗ ನಮ್ಮ ಮೊಹಲ್ಲಾಗಳಲ್ಲಿ ಉಂಟಾಗುವ ಸಂಭ್ರಮ ಸಣ್ಣದಲ್ಲ. ಸಿಹಿ ಹಂಚಲಾಗುತ್ತದೆ, ಸಂಬಂಧಿಕರಿಗೆಲ್ಲ ಫೋನು ಹೋಗುತ್ತದೆ, ಊರಿನ ಯುವಕ ಸಂಘವು ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಮಗನ ಓದಿಗಾಗಿ ಬಳೆ ಅಡವಿಟ್ಟ ತಾಯಿಗೆ ಆ ಒಂದು ದಿನದ ಸಂತೋಷವನ್ನು ಅನುಭವಿಸುವ ಹಕ್ಕಿದೆ. ಆದರೆ ಅದೇ ಹುಡುಗ ನಾಲ್ಕನೆಯ ತಿಂಗಳಲ್ಲಿ ಊರಿಗೆ ಮರಳಿ ಮಾವನ ಚಪ್ಪಲಿ ಅಂಗಡಿಯ ಗಲ್ಲಾದಲ್ಲಿ ಕುಳಿತಿದ್ದರೆ ಏಕೆಂದು ಯಾರೂ ಕೇಳುವುದಿಲ್ಲ. "ಕಂಪೆನಿ ಸರಿಯಿರಲಿಲ್ಲ" ಎಂಬ ಒಂದೇ ವಾಕ್ಯದಲ್ಲಿ ವಿಷಯ ಮುಗಿದುಹೋಗುತ್ತದೆ. ಕಂಪೆನಿ ನಿಜವಾಗಿಯೂ ಸರಿಯಿರಲಿಲ್ಲವೇ? ಕೆಲವು ಸಂದರ್ಭಗಳಲ್ಲಿ ಹೌದು. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಸರಿಯಿಲ್ಲದಿದ್ದುದು ಹುಡುಗನ ಆರಂಭ. ಆ ಆರಂಭವನ್ನು ಕೆಡಿಸುವುದರಲ್ಲಿ ಮನೆಯವರ ಪಾಲೂ ಇತ್ತೆಂದು ಹೇಳಿದರೆ ಓದುಗರು ಬೇಸರಿಸಬಾರದು.

ಕೆಲಸ ಪಡೆಯುವುದು ಹೇಗೆಂಬುದರ ಕುರಿತು ನಮ್ಮಲ್ಲಿ ಇಂದು ಶಿಬಿರಗಳಿಗೆ ಕೊರತೆಯಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಯಿದೆ, ಸಂದರ್ಶನ ಎದುರಿಸುವ ಕಲೆಯ ಬಗ್ಗೆ ಉಪನ್ಯಾಸಗಳಿವೆ. ಆದರೆ ಕೆಲಸಕ್ಕೆ ಸೇರಿದ ನಂತರದ ಮೊದಲ ಆರು ತಿಂಗಳ ಬಗ್ಗೆ ಮಾತನಾಡುವವರು ಯಾರು? ಖಾಸಗಿ ಸಂಸ್ಥೆಗಳಲ್ಲಿ ಪ್ರೊಬೇಷನ್ ಎಂದು ಕರೆಯುವ ಅವಧಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ರಾಜ್ಯ ಸರಕಾರಿ ನೌಕರಿಯಲ್ಲಾದರೆ 1977ರ ಪ್ರೊಬೇಷನ್ ನಿಯಮಗಳ ಪ್ರಕಾರ ಅದು ಕನಿಷ್ಠ ಎರಡು ವರ್ಷ. ಅಂದರೆ ನೇಮಕಾತಿ ಪತ್ರ ಕೈಗೆ ಬಂದ ದಿನ ಕೆಲಸ ಸಿಕ್ಕಿರುವುದಿಲ್ಲ, ಕೆಲಸದ ಪರೀಕ್ಷೆ ಆರಂಭವಾಗಿರುತ್ತದೆ. ಈ ಸರಳ ಸಂಗತಿಯನ್ನು ಮನೆಯಲ್ಲಿ ಹೇಳಿಕೊಡಬೇಕಾದವರಿಗೇ ಅದು ತಿಳಿದಿರುವುದಿಲ್ಲ.

ತಿಳಿಯದಿರುವುದಕ್ಕೆ ಕಾರಣವೂ ಇದೆ. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು ಈ ದೇಶದ ಮುಸ್ಲಿಮ್ ದುಡಿಮೆಗಾರರಲ್ಲಿ ಸ್ವಯಂ ಉದ್ಯೋಗ ನಂಬಿದವರ ಪ್ರಮಾಣ ಇತರರಿಗಿಂತ ಹೆಚ್ಚೆಂದೂ, ತಿಂಗಳ ಸಂಬಳದ ಖಾಯಂ ನೌಕರಿಯಲ್ಲಿರುವವರ ಪ್ರಮಾಣ ಕಡಿಮೆಯೆಂದೂ ತೋರಿಸಿಕೊಟ್ಟಿತು. ನಾವು ಆ ವರದಿಯನ್ನು ಮೀಸಲಾತಿಯ ಚರ್ಚೆಗೆ ಬಳಸಿದೆವು, ಅದು ಸರಿಯೇ. ಆದರೆ ಅದರೊಳಗೆ ಇನ್ನೊಂದು ಅರ್ಥವೂ ಅಡಗಿದೆ. ಗ್ಯಾರೇಜು, ಗುಜರಿ, ಬೇಕರಿ, ಬಟ್ಟೆ ಅಂಗಡಿ, ಮೀನಿನ ವ್ಯಾಪಾರ, ಡ್ರೈವಿಂಗ್, ಬೀಡಿ ಇವುಗಳಲ್ಲಿ ಬದುಕು ಸವೆಸಿದ ಮನೆಗಳಲ್ಲಿ ಕಚೇರಿಯ ಬದುಕನ್ನು ಬಲ್ಲ ಹಿರಿಯರಿಲ್ಲ. ಗುಮಾಸ್ತನ ಮಗ ರಾತ್ರಿ ಊಟದ ಹೊತ್ತಿಗೇ ಮೆಮೋ ಎಂದರೇನು, ಸಾಂದರ್ಭಿಕ ರಜೆ ಯಾವುದು, ಮೇಲಧಿಕಾರಿಗೆ ಟಿಪ್ಪಣಿ ಬರೆಯುವುದು ಹೇಗೆ ಎಂಬುದನ್ನೆಲ್ಲ ಕೇಳುತ್ತಾ ಬೆಳೆಯುತ್ತಾನೆ. ನಮ್ಮ ಹುಡುಗ ಗಿರಾಕಿಯ ಮುಖ ಓದುವುದನ್ನು, ಸಾಲ ವಸೂಲು ಮಾಡುವುದನ್ನು, ತೂಕ ತಪ್ಪದಿರುವುದನ್ನು ಕಲಿತಿರುತ್ತಾನೆ. ಇದು ಕಡಿಮೆ ವಿದ್ಯೆಯಲ್ಲ. ಆದರೆ ಕಚೇರಿಗೆ ಬೇಕಾದುದು ಬೇರೆಯೇ ವಿದ್ಯೆ.

ಒಂದು ವ್ಯತ್ಯಾಸವನ್ನು ಮಾತ್ರ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಅಂಗಡಿಯಲ್ಲಿ ದುಡಿಮೆ ಕಣ್ಣೆದುರಿಗಿರುತ್ತದೆ. ಯಾರು ಶಟರ್ ಎತ್ತಿದರು, ಯಾರು ಮೂಟೆ ಇಳಿಸಿದರು, ಯಾರು ಮೊಬೈಲ್ ನೋಡುತ್ತಾ ಕುಳಿತರು ಎಂಬುದು ಯಜಮಾನನಿಗೆ ಹೇಳದೆಯೇ ಗೊತ್ತಾಗುತ್ತದೆ. ಕಚೇರಿಯಲ್ಲಿ ಹಾಗಿಲ್ಲ. ಅಲ್ಲಿ ನೀವು ಮಾಡಿದ ಕೆಲಸ ಕಂಪ್ಯೂಟರಿನೊಳಗೋ ಕಡತದೊಳಗೋ ಇರುತ್ತದೆ, ನಿಮ್ಮ ಮೇಲಿನವರು ಇನ್ನೊಂದು ಕೋಣೆಯಲ್ಲೋ ಇನ್ನೊಂದು ಊರಿನಲ್ಲೋ ಇರುತ್ತಾರೆ. ಆದ್ದರಿಂದ ಮಾಡಿದ ಕೆಲಸವನ್ನು ಮಾಡಿದೆನೆಂದು ತಿಳಿಸುವುದು ಕೂಡ ಕೆಲಸದ ಭಾಗವೇ. ನಮ್ಮ ಮಕ್ಕಳು ಇದನ್ನು ಬಡಾಯಿಯೆಂದು ಭಾವಿಸಿ ಸುಮ್ಮನಿರುತ್ತಾರೆ. ಇದಕ್ಕಿಂತ ಹಾನಿಕರವಾದುದು ಕೆಲಸ ಆಗದಿರುವಾಗಿನ ಮೌನ. ಶುಕ್ರವಾರ ಕೊಡಬೇಕಾದ ಲೆಕ್ಕಪತ್ರ ಶುಕ್ರವಾರಕ್ಕೆ ಆಗುವುದಿಲ್ಲವೆಂದು ಬುಧವಾರವೇ ಗೊತ್ತಾಗಿರುತ್ತದೆ. ಬುಧವಾರವೇ ಹೋಗಿ, "ಸರ್, ಇಷ್ಟು ಆಗಿದೆ, ಇಲ್ಲಿ ಸಿಲುಕಿಕೊಂಡಿದ್ದೇನೆ, ಒಂದು ದಿನ ಬೇಕು" ಎಂದರೆ ಮೇಲಧಿಕಾರಿ ಗೊಣಗುತ್ತಾ ಸಹಾಯ ಮಾಡುತ್ತಾರೆ. ಶುಕ್ರವಾರ ಸಂಜೆ ತಲೆ ತಗ್ಗಿಸಿ ನಿಂತವನನ್ನು ಅವರು ಮತ್ತೆ ನಂಬುವುದು ಕಷ್ಟ. ವಾಗ್ದಾನದ ಬಗ್ಗೆ ನಾವು ಮಿಂಬರಿನಿಂದ ಕೇಳುವುದನ್ನೆಲ್ಲ ಕಚೇರಿಯ ಭಾಷೆಗೆ ಇಳಿಸಿದರೆ ಸಿಗುವುದು ಇದೇ ಬುಧವಾರದ ಮಾತು.

"ಗೊತ್ತಿದೆ" ಎಂಬ ಪದವೂ ಹೊಸಬರಿಗೆ ಅಪಾಯಕಾರಿ. ಟ್ಯಾಲಿ ಬರುತ್ತದೆಯೇ ಎಂದರೆ ಬರುತ್ತದೆ, ಜಿಎಸ್‌ಟಿ ರಿಟರ್ನ್ ಸಲ್ಲಿಸಿದ್ದೀರಾ ಎಂದರೆ ಸಲ್ಲಿಸಿದ್ದೇನೆ. ಸಂದರ್ಶನದಲ್ಲಿ ಹೇಳಿದ ಸಣ್ಣ ಉತ್ಪ್ರೇಕ್ಷೆ ಸೇರಿದ ಎರಡನೆಯ ವಾರದಲ್ಲಿ ಬಯಲಾಗುತ್ತದೆ. ಮೊದಲ ತಿಂಗಳಲ್ಲಿ ಪ್ರಶ್ನೆ ಕೇಳಿದರೆ ಯಾರೂ ನಗುವುದಿಲ್ಲ, ಹೊಸಬನೆಂಬ ರಿಯಾಯಿತಿ ಇರುತ್ತದೆ. ಆರನೆಯ ತಿಂಗಳಲ್ಲಿ ಅದೇ ಪ್ರಶ್ನೆ ಕೇಳಿದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎನ್ನುತ್ತಾರೆ. ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಹೇಳಿದ್ದನ್ನು ಬರೆದುಕೊಳ್ಳುವವನು ಒಂದೇ ಪ್ರಶ್ನೆಯನ್ನು ಎರಡನೆಯ ಬಾರಿ ಕೇಳಬೇಕಾಗುವುದಿಲ್ಲ. ಅಟೆಂಡರ್‌ನಿಂದ ಹಿಡಿದು ಲೆಕ್ಕಪತ್ರ ವಿಭಾಗದವರೆಗೆ ಎಲ್ಲರ ಹೆಸರು ಕಲಿಯುವುದಕ್ಕೂ ಈ ಪುಸ್ತಕ ಸಾಕು. ಯಾವ ಕಚೇರಿಯಲ್ಲಾದರೂ ಅಲ್ಲಿನ ವ್ಯವಹಾರ ನಿಜವಾಗಿ ಹೇಗೆ ನಡೆಯುತ್ತದೆಂದು ಬಲ್ಲವರು ಹೆಚ್ಚಾಗಿ ಹಳೆಯ ಅಟೆಂಡರ್‌ಗಳೇ.

ಭಾಷೆಯ ಸಂಕೋಚ ಇನ್ನೊಂದು. ಉರ್ದು ಮಾಧ್ಯಮದಿಂದ ಬಂದವರಿಗೆ ಕಚೇರಿಯ ಕನ್ನಡದ ಭಯ, ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಭಯ, ಅರಬಿ ಮದ್ರಸದಿಂದ ಬಂದವರಿಗೆ ಎರಡೂ. ಪರಿಣಾಮವಾಗಿ ಮಧ್ಯಾಹ್ನದ ಊಟಕ್ಕೆ ನಮ್ಮವರು ನಮ್ಮವರೊಂದಿಗೇ, ಇಲ್ಲವಾದರೆ ಒಬ್ಬರೇ ಮೂಲೆಯಲ್ಲಿ ಕುಳಿತುಕೊಳ್ಳುತ್ತಾರೆ. ಬುತ್ತಿ ಬಿಚ್ಚುವ ಆ ಅರ್ಧ ಗಂಟೆಯಲ್ಲಿ ಕಚೇರಿಯ ಅರ್ಧದಷ್ಟು ವಿಷಯಗಳು ತಿಳಿಯುತ್ತವೆ: ಯಾವ ಹುದ್ದೆ ಖಾಲಿಯಾಗಲಿದೆ, ಯಾವ ತರಬೇತಿ ಬರಲಿದೆ, ಯಾವ ಮೇಲಧಿಕಾರಿಗೆ ಯಾವ ರೀತಿಯ ಬರವಣಿಗೆ ಇಷ್ಟ. ಅಲ್ಲಿಂದ ದೂರ ಉಳಿದವನಿಗೆ ಇವು ಕೊನೆಗೆ, ಸುತ್ತೋಲೆಯ ರೂಪದಲ್ಲಿ ತಲುಪುತ್ತವೆ. ತಪ್ಪು ಇಂಗ್ಲಿಷಿನಲ್ಲಿ ಬರೆದ ಎರಡು ಸಾಲಿನ ಇಮೇಲ್ ಬರೆಯದೇ ಉಳಿದ ಇಮೇಲಿಗಿಂತ ಎಷ್ಟೋ ಉತ್ತಮ.

ಇನ್ನು ಮನೆಯವರ ವಿಷಯ. ಕೆಲಸಕ್ಕೆ ಸೇರಿ ಒಂದೂವರೆ ತಿಂಗಳಾಗಿರುವುದಿಲ್ಲ, ಚಿಕ್ಕಪ್ಪನ ಮಗಳ ನಿಕಾಹ್ ಬರುತ್ತದೆ. ನಿಕಾಹ್ ಒಂದು ಗಂಟೆಯದ್ದು, ಆದರೆ ರಜೆ ನಾಲ್ಕು ದಿನದ್ದು ಬೇಕು. ನಂತರ ಅಕ್ಕನ ಮಗುವಿನ ಅಕೀಕಾ, ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆ, ಗಲ್ಫಿನಿಂದ ಬರುವ ಅಣ್ಣನನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗುವುದು. "ಒಂದು ದಿನ ರಜೆ ಹಾಕಲಾಗದಂತಹ ಅದೆಂತಹ ಕೆಲಸ?" ಎಂದು ಹಿರಿಯರು ಕೇಳುತ್ತಾರೆ. ಉತ್ತರ ಸರಳವಾಗಿದೆ: ಅದು ಪ್ರೊಬೇಷನ್ ಇರುವ ಕೆಲಸ. ಬಹಳಷ್ಟು ಸಂಸ್ಥೆಗಳಲ್ಲಿ ಆ ಅವಧಿಯಲ್ಲಿ ಗಳಿಕೆ ರಜೆಯೇ ಇರುವುದಿಲ್ಲ, ಇರುವ ಬೆರಳೆಣಿಕೆಯ ರಜೆಗಳೂ ಜ್ವರಕ್ಕೆಂದು ಉಳಿಸಿಕೊಳ್ಳಬೇಕಾದವು. ಸ್ವಂತ ಅಂಗಡಿಯಾದರೆ ಬಾಗಿಲು ಎಳೆದು ಹೋಗಬಹುದು, ಅದು ನಮಗೆ ಅಭ್ಯಾಸ. ಆದರೆ ಇಲ್ಲಿ ಬಾಗಿಲು ಬೇರೆಯವರದ್ದು. ಸಾವು, ತೀವ್ರ ಕಾಯಿಲೆ ಇವುಗಳನ್ನು ಹೊರತುಪಡಿಸಿ ಆರು ತಿಂಗಳು ಆ ಹುಡುಗನನ್ನು ಯಾವುದಕ್ಕೂ ಕರೆಯುವುದಿಲ್ಲವೆಂದು ಒಂದು ಕುಟುಂಬ ತೀರ್ಮಾನಿಸಿದರೆ, ಶಾಲು ಹೊದಿಸುವುದಕ್ಕಿಂತ ದೊಡ್ಡ ಸನ್ಮಾನ ಅದು. ಕೆಲಸದ ಹೊತ್ತಿನಲ್ಲಿ ಫೋನು ಮಾಡುವುದನ್ನೂ ಇದರೊಂದಿಗೆ ಸೇರಿಸಿಕೊಳ್ಳಬಹುದು. ಮಗ ಊಟ ಮಾಡಿದನೇ ಎಂದು ಸಂಜೆ ಕೇಳಿದರೂ ಆಗುತ್ತದೆ.

ಮೊದಲ ಸಂಬಳದ ದಿನ ಇನ್ನೊಂದು ತಕರಾರು. ಹೇಳಿದ್ದು ಹದಿನೆಂಟು ಸಾವಿರ, ಬಂದದ್ದು ಹದಿನಾರು ಚಿಲ್ಲರೆ. "ಮೋಸ ಮಾಡಿದ್ದಾರೆ, ಬಿಟ್ಟು ಬಾ" ಎನ್ನುವ ಮನೆಗಳಿವೆ. ವೇತನ ಚೀಟಿಯನ್ನು ಒಮ್ಮೆ ಓದಿದರೆ ಆ ಹಣ ಎಲ್ಲಿ ಹೋಯಿತೆಂದು ಕಾಣುತ್ತದೆ. ಭವಿಷ್ಯ ನಿಧಿಗೆ ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 12 ಕಡಿತವಾಗುತ್ತದೆ, ಮಾಲಕನೂ ಅಷ್ಟೇ ಸೇರಿಸಬೇಕು. ಮಾಲಕನ ಪಾಲಿನಲ್ಲಿ ಒಂದು ಭಾಗ ಪಿಂಚಣಿ ಯೋಜನೆಗೆ ಹೋಗುತ್ತದೆ. ಇಎಸ್‌ಐ ವ್ಯಾಪ್ತಿಯ ನೌಕರನಿಂದ 2019ರ ಜುಲೈಯಿಂದ ಕಡಿತವಾಗುತ್ತಿರುವುದು ಶೇ. 0.75, ಮಾಲಕ ಕಟ್ಟುವುದು ಶೇ. 3.25. ಈ ಸಣ್ಣ ಮೊತ್ತಕ್ಕೆ ಪ್ರತಿಯಾಗಿ ನೌಕರನಿಗೆ ಮಾತ್ರವಲ್ಲ, ಆತನನ್ನು ಅವಲಂಬಿಸಿರುವ ತಂದೆತಾಯಿಗೂ ಚಿಕಿತ್ಸೆಯ ಸೌಲಭ್ಯವಿದೆ. ಖಾಸಗಿ ಆಸ್ಪತ್ರೆಯ ಬಿಲ್ಲಿಗಾಗಿ ಜಮಾಅತ್‌ನಲ್ಲಿ ಚಂದಾ ಎತ್ತುವ ಮೊದಲು ಮಗನ ಇಎಸ್‌ಐ ಕಾರ್ಡಿನಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿಕೊಂಡ ತಂದೆತಾಯಿ ಎಷ್ಟು ಮಂದಿ? ಕೆಲಸ ಬದಲಿಸುವಾಗಲೆಲ್ಲ ಪಿಎಫ್ ಹಣ ತೆಗೆದು ಬೈಕಿಗೋ ಮದುವೆಗೋ ಹಾಕುವ ಚಾಳಿಯೂ ನಮ್ಮಲ್ಲಿದೆ. ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಅರ್ಹತೆ ಸಿಗಲು ಹತ್ತು ವರ್ಷಗಳ ಸೇವೆ ಬೇಕು. ಪಿಂಚಣಿಯ ಹಣವನ್ನೂ ಹಿಂತೆಗೆದುಕೊಂಡರೆ ಅಷ್ಟು ವರ್ಷಗಳ ಲೆಕ್ಕ ಅಳಿಸಿಹೋಗುತ್ತದೆ. ಹಳೆಯ ಯುಎಎನ್ ಸಂಖ್ಯೆಯನ್ನೇ ಹೊಸ ಸಂಸ್ಥೆಗೆ ಕೊಟ್ಟು ಖಾತೆ ವರ್ಗಾಯಿಸಿಕೊಂಡರೆ ಸಾಕು.

ಕಾಗದದ ಬಗ್ಗೆ ನಮಗಿರುವ ಅಸಡ್ಡೆ ವಿಚಿತ್ರವಾದುದು. ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದುದೆಂದು ನಮ್ಮ ಮದ್ರಸಗಳಲ್ಲಿ ಚಿಕ್ಕ ಮಕ್ಕಳಿಗೂ ಹೇಳಿಕೊಡುತ್ತಾರೆ. ಮದ್‌ಯನ್‌ನಲ್ಲಿ ಪ್ರವಾದಿ ಮೂಸಾ(ಅ) ಕೆಲಸಕ್ಕೆ ಸೇರಿದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ಎಂಟು ವರ್ಷವೇ, ಹತ್ತು ವರ್ಷವೇ, ಹೆಚ್ಚುವರಿ ಎರಡು ವರ್ಷ ಯಾರ ಇಚ್ಛೆಗೆ ಬಿಟ್ಟದ್ದು ಎಂಬುದೆಲ್ಲ ಕೆಲಸ ಆರಂಭವಾಗುವ ಮೊದಲೇ ಬಾಯಿ ಬಿಟ್ಟು ಇತ್ಯರ್ಥವಾಗಿತ್ತು. ನಾವಾದರೋ ನೇಮಕಾತಿ ಪತ್ರದ ಕೊನೆಯ ಪುಟಕ್ಕೆ ಹೋಗಿ ಸಹಿ ಹಾಕುತ್ತೇವೆ. ನೋಟಿಸ್ ಅವಧಿ ಎಷ್ಟು, ಬಾಂಡ್ ಇದೆಯೇ, ಅರ್ಧದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ವರ್ಗಾವಣೆಯ ಷರತ್ತೇನು ಎಂಬುದನ್ನು ಬಿಡುವ ದಿನ ಓದುತ್ತೇವೆ. ಮೂಲ ಅಂಕಪಟ್ಟಿಗಳನ್ನು ಕೇಳಿದ ಕೂಡಲೇ ಒಪ್ಪಿಸಿಬಿಡುತ್ತೇವೆ. ಮೂಲವನ್ನು ತೋರಿಸಿ, ನಕಲನ್ನು ಕೊಟ್ಟು ಬರಬೇಕು. ಕೊಡಲೇಬೇಕಾದ ಅನಿವಾರ್ಯತೆ ಬಂದರೆ ಸ್ವೀಕೃತಿ ಬರೆಸಿಕೊಳ್ಳಬೇಕು.

ಈ ಮಾತನ್ನು ಕೇಳಿ ನಮ್ಮ ವ್ಯಾಪಾರಿ ಬಂಧುಗಳು ತಲೆದೂಗುವ ಮೊದಲು ಅವರಿಗೂ ಒಂದು ಪ್ರಶ್ನೆಯಿದೆ. ನಿಮ್ಮ ಜವಳಿ ಅಂಗಡಿಯಲ್ಲಿ, ಮೊಬೈಲ್ ಮಳಿಗೆಯಲ್ಲಿ, ಸೂಪರ್ ಬಜಾರಿನಲ್ಲಿ ದುಡಿಯುತ್ತಿರುವ ಹತ್ತು ಮಂದಿ ಹುಡುಗರಲ್ಲಿ ಎಷ್ಟು ಮಂದಿಗೆ ನೇಮಕಾತಿ ಪತ್ರ ಕೊಟ್ಟಿದ್ದೀರಿ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 6-ಎ ಕಲಮು, ಹೆಸರು, ಹುದ್ದೆ, ವೇತನ ಹಾಗೂ ಷರತ್ತುಗಳಿರುವ ನೇಮಕಾತಿ ಆದೇಶವನ್ನು ಮೂವತ್ತು ದಿನಗಳೊಳಗೆ ಲಿಖಿತವಾಗಿ ಕೊಡಬೇಕೆನ್ನುತ್ತದೆ. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ಜಾರಿಗೆ ತಂದ ಕಾರ್ಮಿಕ ಸಂಹಿತೆಗಳೂ ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. "ಅವನು ನಮ್ಮ ಹುಡುಗನೇ, ಪತ್ರವೇಕೆ?" ಎಂಬುದು ಸಿದ್ಧ ಉತ್ತರ. ಆ ನಮ್ಮ ಹುಡುಗ ಮೂರು ವರ್ಷ ನಿಯತ್ತಿನಿಂದ ದುಡಿದು ಬೇರೆ ಊರಿನ ಬ್ಯಾಂಕಿಗೋ ಕಂಪೆನಿಗೋ ಅರ್ಜಿ ಹಾಕಿದಾಗ ಅವನ ಬಳಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಮೂರು ವರ್ಷದ ಅನುಭವ ಶೂನ್ಯವಾಗುತ್ತದೆ. ಅನ್ಯರ ತಾರತಮ್ಯದ ಬಗ್ಗೆ ಗಟ್ಟಿಯಾಗಿ ಮಾತನಾಡುವ ನಾವು ನಮ್ಮವರಿಗೇ ಮಾಡುವ ಈ ಅನ್ಯಾಯದ ಬಗ್ಗೆ ಮಸೀದಿಯ ಅಂಗಳದಲ್ಲಿ ಎಂದಾದರೂ ಚರ್ಚಿಸಿದ್ದೇವೆಯೇ?

ತಾರತಮ್ಯವಿಲ್ಲವೆಂದು ನಾವು ಹೇಳುತ್ತಿಲ್ಲ. ಹೆಸರು ಕೇಳಿದೊಡನೆ ಮುಖಭಾವ ಬದಲಾಗುವುದು, ಬಾಡಿಗೆ ಕೋಣೆ ಸಿಗದಿರುವುದು, ತಮಾಷೆಯ ಸೋಗಿನಲ್ಲಿ ಚುಚ್ಚುವುದು ಇವೆಲ್ಲ ಹೊಸದಾಗಿ ನಗರಕ್ಕೆ ಹೋದ ನಮ್ಮ ಮಕ್ಕಳ ಅನುಭವಕ್ಕೆ ಬರುತ್ತವೆ. ಆದರೆ ಹೊಸಬರನ್ನು ಹಿರಿಯ ನೌಕರರು ಗದರಿಸುವುದು ಎಲ್ಲ ಕಚೇರಿಗಳಲ್ಲೂ, ಎಲ್ಲ ಜಾತಿಯವರಿಗೂ ಇರುವ ಅನುಭವ. ತಡವಾಗಿ ಬಂದದ್ದಕ್ಕೆ ಬೈದರೆ ಅದು ತಡವಾದದ್ದಕ್ಕೇ. ಪಕ್ಕದ ಮೇಜಿನವನು ತಡವಾಗಿ ಬಂದಾಗ ಸುಮ್ಮನಿದ್ದವರು ನಿಮಗೆ ಮಾತ್ರ ಬೈದರೆ, ಅದೂ ಮತ್ತೆ ಮತ್ತೆ ನಡೆದರೆ, ಆಗ ವಿಷಯ ಬೇರೆ. ಅಂತಹ ಸಂದರ್ಭದಲ್ಲಿ ದಿನಾಂಕ, ಆಡಿದ ಮಾತು, ಯಾರ ಎದುರು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಸಿಟ್ಟಿನಿಂದ ಮೊಬೈಲಿನಲ್ಲಿ ಸ್ಟೇಟಸ್ ಹಾಕಿ ಮರುದಿನ ಕೆಲಸ ಬಿಟ್ಟು ಬರುವವರಿಂದ ಆ ಕಚೇರಿಗೆ ಯಾವ ಮುಜುಗರವೂ ಆಗುವುದಿಲ್ಲ. ಬರೆದಿಟ್ಟ ಆರು ಘಟನೆಗಳೊಂದಿಗೆ ಮೇಲಿನವರ ಬಳಿ ಹೋಗುವವನನ್ನು ಅವರು ಅಷ್ಟು ಸುಲಭವಾಗಿ ಸಾಗಹಾಕಲಾರರು.

ಜುಮಾ ನಮಾಜಿನ ವಿಷಯವೂ ಹೀಗೆಯೇ. ಶುಕ್ರವಾರ ಮಧ್ಯಾಹ್ನ ಹೇಳದೆ ಕೇಳದೆ ಮಾಯವಾಗಿ ಎರಡೂವರೆಗೆ ಪ್ರತ್ಯಕ್ಷವಾಗುವ ಹುಡುಗರು ಧರ್ಮನಿಷ್ಠರೆಂಬ ಹೆಸರನ್ನಲ್ಲ, ಕಳ್ಳಾಟದವರೆಂಬ ಹೆಸರನ್ನು ಪಡೆಯುತ್ತಾರೆ. ಮೊದಲ ವಾರದಲ್ಲೇ, "ಶುಕ್ರವಾರ ಇಷ್ಟು ಹೊತ್ತು ಹೊರಹೋಗಬೇಕಾಗುತ್ತದೆ, ಊಟದ ವಿರಾಮವನ್ನು ಆಗ ತೆಗೆದುಕೊಂಡು ಉಳಿದದ್ದನ್ನು ಸಂಜೆ ಸರಿಹೊಂದಿಸುತ್ತೇನೆ" ಎಂದು ಕೇಳಿದವರಿಗೆ ನಿರಾಕರಿಸಿದ ಪ್ರಸಂಗಗಳು ನಾವು ಕಂಡಂತೆ ವಿರಳ. ತಲೆವಸ್ತ್ರದ ಕುರಿತಾದ ಸ್ಪಷ್ಟತೆಯನ್ನು ಇನ್ನೂ ಮೊದಲೇ, ಕೆಲಸ ಒಪ್ಪಿಕೊಳ್ಳುವಾಗಲೇ ಪಡೆಯುವುದು ಒಳ್ಳೆಯದು.

ಹೆಣ್ಣುಮಕ್ಕಳ ಆರಂಭ ಇನ್ನಷ್ಟು ಕಠಿಣ. ಮನೆಯಿಂದ ಮೊದಲ ಬಾರಿಗೆ ದುಡಿಯಲು ಹೋಗುವ ಮಗಳು ಕಚೇರಿಯ ಪ್ರೊಬೇಷನ್ನಿನೊಂದಿಗೆ ಮನೆಯ ಪ್ರೊಬೇಷನ್ನನ್ನೂ ಎದುರಿಸುತ್ತಾಳೆ. ಬಸ್ಸು ಅರ್ಧ ಗಂಟೆ ತಡವಾದರೆ ವಿಚಾರಣೆ. ಸಹೋದ್ಯೋಗಿಯ ಫೋನು ಬಂದರೆ ಅನುಮಾನ. ಮಗ ಹೊಸ ಕೆಲಸದಲ್ಲಿ ಒದ್ದಾಡುತ್ತಿದ್ದರೆ "ಸ್ವಲ್ಪ ತಾಳಿಕೋ" ಎನ್ನುವ ಅದೇ ಬಾಯಿ ಮಗಳು ಒಂದು ದಿನ ಕಣ್ಣೀರು ಹಾಕಿದರೆ "ಬಿಟ್ಟುಬಿಡು, ನಿನ್ನ ಸಂಬಳದಿಂದ ಮನೆ ನಡೆಯಬೇಕಿಲ್ಲ" ಎನ್ನುತ್ತದೆ. ಇದು ವಾತ್ಸಲ್ಯದ ಮಾತೆಂದು ಹೆತ್ತವರು ಭಾವಿಸುತ್ತಾರೆ. ಹೀಗಾಗಿ ಅವಳು ಕಚೇರಿಯ ಕಷ್ಟಗಳನ್ನು ಮನೆಯಲ್ಲಿ ಹೇಳುವುದನ್ನೇ ನಿಲ್ಲಿಸುತ್ತಾಳೆ. ನಿಜವಾದ ಅಪಾಯ ಇರುವುದು ಈ ಮೌನದಲ್ಲಿ. ಏಕೆಂದರೆ ಯಾರಾದರೂ ಅಸಭ್ಯವಾಗಿ ವರ್ತಿಸಿದಾಗಲೂ, ಹೇಳಿದರೆ ಕೆಲಸ ಬಿಡಿಸುತ್ತಾರೆಂಬ ಭಯಕ್ಕೆ ಆಕೆ ಬಾಯಿ ಮುಚ್ಚಿಕೊಳ್ಳುತ್ತಾಳೆ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಕಚೇರಿಯಲ್ಲೂ ಲೈಂಗಿಕ ಕಿರುಕುಳದ ದೂರು ಆಲಿಸುವ ಆಂತರಿಕ ಸಮಿತಿಯಿರಬೇಕು. ಅದಕ್ಕಿಂತ ಸಣ್ಣ ಸಂಸ್ಥೆಯವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯಿದೆ. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಸೇರಿದ ಮೊದಲ ವಾರದಲ್ಲೇ ಆ ಸಮಿತಿಯಲ್ಲಿ ಯಾರಿದ್ದಾರೆಂದು ತಿಳಿದುಕೊಳ್ಳುವಂತೆ ಮಗಳಿಗೆ ಹೇಳುವ ತಂದೆ, ದಿನಾ ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ತಂದೆಗಿಂತ ಅವಳಿಗೆ ಹೆಚ್ಚು ರಕ್ಷಣೆ ಕೊಡುತ್ತಾನೆ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

ಕರಾವಳಿಯ ಓದುಗರು ಗಲ್ಫ್ ವಿಷಯವೇನೆಂದು ಕೇಳಬಹುದು. ಅದು ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ, ಇಲ್ಲಿ ಎರಡು ಮಾತು ಸಾಕು. 1983ರ ವಲಸೆ ಕಾಯ್ದೆಯಡಿಯ ನಿಯಮಗಳು ನೋಂದಾಯಿತ ಏಜೆಂಟನಿಗೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯಲು ಅವಕಾಶ ಕೊಟ್ಟಿಲ್ಲ. ಲಕ್ಷಗಟ್ಟಲೆ ಸಾಲ ಮಾಡಿ ಹೋದವನು ಹೊಸ ಕೆಲಸದಲ್ಲಿ ಧೈರ್ಯವಾಗಿ ಮಾತನಾಡಲಾರ. ಯುಎಇಯಲ್ಲಿ 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾನೂನು ಪ್ರೊಬೇಷನ್ ಅವಧಿ ಆರು ತಿಂಗಳನ್ನು ಮೀರುವಂತಿಲ್ಲವೆನ್ನುತ್ತದೆ. ಹೋಗುವ ಹುಡುಗ ತನ್ನ ಕರಾರುಪತ್ರದ ಪ್ರತಿಯನ್ನು ಊರಿನ ಮನೆಯಲ್ಲೂ ಒಂದು ಇಟ್ಟು ಹೋಗಲಿ.

ನಮ್ಮ ಪ್ರತಿಯೊಂದು ಊರಿನಲ್ಲೂ ಹತ್ತಿಪ್ಪತ್ತು ವರ್ಷ ನೌಕರಿಯಲ್ಲಿ ಪಳಗಿದ ಕೆಲವರಾದರೂ ಇದ್ದಾರೆ: ನಿವೃತ್ತ ಶಿಕ್ಷಕಿ, ವಿದ್ಯುತ್ ನಿಗಮದ ಇಂಜಿನಿಯರ್, ಬ್ಯಾಂಕಿನ ಕ್ಯಾಷಿಯರ್, ಆಸ್ಪತ್ರೆಯ ಹಿರಿಯ ನರ್ಸ್. ಇವರನ್ನು ವಾರ್ಷಿಕೋತ್ಸವದ ವೇದಿಕೆಯಲ್ಲಿ ಅತಿಥಿಗಳನ್ನಾಗಿ ಕೂರಿಸುವುದು ಬಿಟ್ಟರೆ ನಾವು ಅವರಿಂದ ಬೇರೇನನ್ನೂ ಕೇಳಿಲ್ಲ. ಈ ಬಾರಿ ಪರೀಕ್ಷೆ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳ ಹೆಸರುಗಳನ್ನು ಜಮಾಅತ್‌ನವರು ಪಟ್ಟಿ ಮಾಡಲಿ. ಹತ್ತೋ ಹದಿನೈದೋ ಹೆಸರುಗಳಾಗಬಹುದು. ತಿಂಗಳಿಗೊಂದು ಆದಿತ್ಯವಾರ ಅಸರ್ ನಂತರ ಆ ಮಕ್ಕಳನ್ನೂ ಅವರ ತಂದೆತಾಯಿಯನ್ನೂ ಈ ಹಿರಿಯರೊಂದಿಗೆ ಕೂರಿಸಲಿ. ಮಕ್ಕಳು ಬರುವಾಗ ತಮ್ಮ ನೇಮಕಾತಿ ಪತ್ರವನ್ನೂ ವೇತನ ಚೀಟಿಯನ್ನೂ ಜೊತೆಗೆ ತರಲಿ. ಮೈಕು, ಶಾಮಿಯಾನ, ಉದ್ಘಾಟನೆ ಯಾವುದೂ ಬೇಡ, ಒಂದು ಜಮಖಾನ ಮತ್ತು ಚಹಾ ಸಾಕು.